ಒಟಿಪಿ ಬಾರದ ಊರಿಗೆ ಗೂಗಲ್ ಲಾಗಿನ್: ಹೋಮ್‌ಸ್ಟೇ ಬುಕಿಂಗ್ ತಾಣಕ್ಕೆ ಸೋಷಿಯಲ್ ಲಾಗಿನ್ ಅಳವಡಿಸುವ ಸಮಗ್ರ ಮಾರ್ಗದರ್ಶಿ

ಮಡಿಕೇರಿ ಪೇಟೆ ಬಿಟ್ಟು ಗಾಳಿಬೀಡಿನ ಕಡೆಗೋ ಭಾಗಮಂಡಲದ ಕಡೆಗೋ ಹೊರಟರೆ ಮೊಬೈಲ್ ಸಿಗ್ನಲ್ ಒಂದು ತಿರುವಿನಲ್ಲಿ ಇರುತ್ತದೆ, ಮುಂದಿನ ತಿರುವಿನಲ್ಲಿ ಇರುವುದಿಲ್ಲ. ತೋಟದ ಮನೆಯೊಳಗೆ ವೈಫೈ ಚೆನ್ನಾಗಿದ್ದರೂ ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಗಾಗಿ ಫೋನ್ ಹಿಡಿದು ಕಾಫಿ ಕಣದ ಮೂಲೆಗೆ ಓಡಬೇಕು; ಅಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮಳೆಗಾಲದ ಮಾತು ಕೇಳುವುದೇ ಬೇಡ. ಹೋಮ್‌ಸ್ಟೇ ಬುಕಿಂಗ್ ಇರಲಿ, ತೋಟದ ಹಾಜರಿ ಪುಸ್ತಕ ಇರಲಿ, ಕಾಫಿ-ಕರಿಮೆಣಸಿನ ಮಾರಾಟ ಇರಲಿ, ಇಲ್ಲಿನವರಿಗಾಗಿ ವೆಬ್ ತಾಣ ಕಟ್ಟುವವರು ಒಟಿಪಿಯೊಂದನ್ನೇ ನಂಬಿ ಕೂರಬಾರದು. ಆಂಡ್ರಾಯ್ಡ್ ಫೋನ್ ಇದ್ದವರ ಬಳಿ ಸಾಮಾನ್ಯವಾಗಿ ಗೂಗಲ್ ಖಾತೆ ಇದ್ದೇ ಇರುತ್ತದೆ, ಅದರಲ್ಲಿ ಅವರು ಆಗಲೇ ಲಾಗಿನ್ ಆಗಿಯೂ ಇರುತ್ತಾರೆ. ಅದನ್ನೇ ಬಳಸಿಕೊಳ್ಳಬಹುದು. ಹೀಗೆ ಬೇರೊಂದು ಸೇವೆಯ ಖಾತೆಯಿಂದ ನಿಮ್ಮ ತಾಣದೊಳಗೆ ಬರುವುದೇ ಸೋಷಿಯಲ್ ಲಾಗಿನ್.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಹೋಮ್‌ಸ್ಟೇ ಬುಕಿಂಗ್ ತಾಣ. ಸರ್ವರ್ ಪೈಥಾನ್, ಪಿಎಚ್‌ಪಿ, ನೋಡ್, ಜಾವಾ ಯಾವುದರಲ್ಲಿದ್ದರೂ ಹಂತಗಳು ಒಂದೇ. ಪುಟದಲ್ಲಿ ಬಟನ್ ಕೂರಿಸುವುದು ಅರ್ಧ ಗಂಟೆಯ ಕೆಲಸ. ಬಳಕೆದಾರ ಗೂಗಲ್‌ನಿಂದ ವಾಪಸ್ ಬಂದ ಮೇಲೆ ಸರ್ವರ್ ಏನು ಪರೀಕ್ಷಿಸುತ್ತದೆ, ಬಂದವನನ್ನು ಯಾರೆಂದು ಗುರುತಿಸುತ್ತದೆ ಎಂಬಲ್ಲೇ ಎಲ್ಲ ಎಡವಟ್ಟುಗಳೂ ಆಗುವುದು. ಹಾಗಾಗಿ ಹೆಚ್ಚಿನ ಮಾತು ಅದರ ಬಗ್ಗೆಯೇ.

ಮೊದಲು, ನಡೆಯುವುದೇನು?

ಬಳಕೆದಾರ ಬಟನ್ ಒತ್ತುತ್ತಾನೆ. ನಿಮ್ಮ ಸರ್ವರ್ ಅವನ ಬ್ರೌಸರನ್ನು ಗೂಗಲ್‌ಗೆ ಕಳಿಸುತ್ತದೆ. ಅವನು ಅಲ್ಲಿ ಖಾತೆ ಆರಿಸಿ ಒಪ್ಪಿದರೆ, ಗೂಗಲ್ ಅವನನ್ನು ನಿಮ್ಮ ಕಾಲ್‌ಬ್ಯಾಕ್ ವಿಳಾಸಕ್ಕೆ ಒಂದು ಬಾರಿ ಮಾತ್ರ ನಡೆಯುವ ಕೋಡ್ ಜೊತೆ ವಾಪಸ್ ಕಳಿಸುತ್ತದೆ. ನಿಮ್ಮ ಸರ್ವರ್ ಆ ಕೋಡನ್ನು ತನ್ನ ಗುಟ್ಟಿನ ಕೀಲಿಯ ಜೊತೆ ನೇರವಾಗಿ ಗೂಗಲ್‌ಗೆ ಕೊಟ್ಟು ಐಡಿ ಟೋಕನ್ (ಬಂದವನು ಯಾರೆಂದು ಹೇಳುವ, ಗೂಗಲ್ ಸಹಿಯಿರುವ ಚೀಟಿ) ಪಡೆಯುತ್ತದೆ. ಈ ಕೊನೆಯ ವ್ಯವಹಾರ ಸರ್ವರ್‌ನಿಂದ ಸರ್ವರ್‌ಗೆ ನಡೆಯುವಂಥದ್ದು, ಬ್ರೌಸರ್‌ಗೆ ಕಾಣುವುದಿಲ್ಲ. ಪಾಸ್‌ವರ್ಡ್ ನಿಮ್ಮ ಕೈಗೆ ಬರುವುದೇ ಇಲ್ಲ.

ಎರಡು ಹೆಸರುಗಳು ಇಲ್ಲಿ ಗೊಂದಲ ಎಬ್ಬಿಸುತ್ತವೆ. 2012ರ ಆರ್‌ಎಫ್‌ಸಿ 6749 (ಆರ್‌ಎಫ್‌ಸಿ ಎಂದರೆ ಅಂತರ್ಜಾಲದ ಮಾನದಂಡ ದಾಖಲೆ) ಹೇಳುವ ಓಆಥ್ 2.0 ಇರುವುದು ಅನುಮತಿ ಕೊಡುವುದಕ್ಕೆ: ‘ಈ ತಾಣ ನನ್ನ ಕ್ಯಾಲೆಂಡರ್ ನೋಡಲಿ’ ಎಂಬಂಥದ್ದು. ಬಂದವನು ಯಾರು ಎಂಬುದನ್ನು ಅದು ಹೇಳುವುದಿಲ್ಲ. ಆ ಕೆಲಸಕ್ಕೆ 2014ರಲ್ಲಿ ಅದರ ಮೇಲೆ ಕಟ್ಟಿದ ಪದರವೇ ಓಪನ್‌ಐಡಿ ಕನೆಕ್ಟ್. ಐಡಿ ಟೋಕನ್ ಅದರ ಕೊಡುಗೆ. ಓಆಥ್ ಕೊಡುವ ಅನುಮತಿ ಚೀಟಿ, ಅಂದರೆ ಆಕ್ಸೆಸ್ ಟೋಕನ್ ಸಿಕ್ಕಿತೆಂದು ಲಾಗಿನ್ ಮಾಡಿಸಿಬಿಡುವುದು ಹಳೆಯ, ಇಂದಿಗೂ ಕಾಣಸಿಗುವ ತಪ್ಪು. ಬೇರೊಂದು ತಾಣಕ್ಕೆಂದು ಕೊಟ್ಟ ಆಕ್ಸೆಸ್ ಟೋಕನನ್ನು ನಿಮ್ಮ ತಾಣಕ್ಕೆ ತಂದು ತೋರಿಸಿದರೆ, ಅದು ನಿಮಗಾಗಿ ಕೊಟ್ಟದ್ದಲ್ಲ ಎಂದು ತಿಳಿಯುವ ದಾರಿ ಹಾಗೆ ಬರೆದ ಪ್ರೋಗ್ರಾಮಿನಲ್ಲಿ ಇರುವುದಿಲ್ಲ.

ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ಮಾಡಬೇಕಾದ್ದು

ಪ್ರಾಜೆಕ್ಟನ್ನು ಸಂಸ್ಥೆಯ ಹೆಸರಿನ ಖಾತೆಯಲ್ಲೇ ತೆರೆಯಿರಿ, ವೆಬ್‌ಸೈಟ್ ಮಾಡಿಕೊಡುವ ಹುಡುಗನ ಸ್ವಂತ ಜಿಮೇಲ್‌ನಲ್ಲಿ ಬೇಡ. ಅವನು ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಬೀಗದ ಕೈಯೂ ಅವನ ಜೊತೆಗೇ ಬಸ್ ಹತ್ತುತ್ತದೆ. ಕನಿಷ್ಠ ಇಬ್ಬರನ್ನು ಓನರ್ ಮಾಡಿಡಿ.

ಒಪ್ಪಿಗೆ ಪರದೆಯಲ್ಲಿ ತಾಣದ ಹೆಸರು, ಸಂಪರ್ಕ ಇಮೇಲ್, ಗೌಪ್ಯತಾ ನೀತಿಯ ಪುಟದ ವಿಳಾಸ ತುಂಬಿಸಿ. ಬಳಕೆದಾರರ ವಿಧ ‘ಎಕ್ಸ್‌ಟರ್ನಲ್’. ಸ್ಕೋಪ್ (ಯಾವ ಯಾವ ಮಾಹಿತಿ ಕೇಳುತ್ತೀರಿ ಎಂಬುದು) ಮೂರೇ ಸಾಕು: ಓಪನ್‌ಐಡಿ, ಇಮೇಲ್, ಪ್ರೊಫೈಲ್. ಇವು ಸೂಕ್ಷ್ಮ ಸ್ಕೋಪ್‌ಗಳಲ್ಲ, ಆದ್ದರಿಂದ ಆ ವರ್ಗದ ಸುದೀರ್ಘ ಪರಿಶೀಲನೆಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ‘ಮುಂದೆ ಬೇಕಾಗಬಹುದು’ ಎಂದು ಕಾಂಟ್ಯಾಕ್ಟ್, ಡ್ರೈವ್ ಎಲ್ಲ ಸೇರಿಸಿದರೆ ಆ ಪರಿಶೀಲನೆಯೂ ಬರುತ್ತದೆ, ಒಪ್ಪಿಗೆ ಪರದೆ ನೋಡಿದ ಅತಿಥಿಯೂ ಹೆದರಿ ಹಿಂದೆ ಹೋಗುತ್ತಾನೆ.

ಹೊಸ ಆ್ಯಪ್ ‘ಟೆಸ್ಟಿಂಗ್’ ಸ್ಥಿತಿಯಲ್ಲಿರುತ್ತದೆ. ಆಗ ಪರೀಕ್ಷಾ ಬಳಕೆದಾರರ ಮಿತಿ 100. ಎಲ್ಲರಿಗೂ ತೆರೆಯುವ ಮೊದಲು ಅದನ್ನು ‘ಪ್ರೊಡಕ್ಷನ್’ಗೆ ಬದಲಿಸಲು ಮರೆಯಬೇಡಿ.

ಆಮೇಲೆ ‘ವೆಬ್ ಅಪ್ಲಿಕೇಶನ್’ ವಿಧದ ಓಆಥ್ ಕ್ಲೈಂಟ್ (ಗೂಗಲ್‌ನಲ್ಲಿ ನಿಮ್ಮ ತಾಣದ ನೋಂದಣಿ) ಮಾಡಿ, ರೀಡೈರೆಕ್ಟ್ ವಿಳಾಸ, ಅಂದರೆ ಮೇಲೆ ಹೇಳಿದ ಕಾಲ್‌ಬ್ಯಾಕ್ ವಿಳಾಸವನ್ನು ನೋಂದಾಯಿಸಿ. ಈ ವಿಳಾಸ ಅಕ್ಷರಶಃ ಹೊಂದಬೇಕು. ಮೊದಲಿಗೆ ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ, ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇದೆಯೋ ಇಲ್ಲವೋ, ಕೊನೆಯಲ್ಲಿ ಓರೆಗೆರೆ ಇದೆಯೋ ಇಲ್ಲವೋ, ಪೋರ್ಟ್ ಸಂಖ್ಯೆ ಯಾವುದು, ಒಂದು ತಪ್ಪಿದರೂ ‘ರೀಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್’ ಎಂಬ 400 ದೋಷ. ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಉಪಡೊಮೈನ್‌ಗಳನ್ನೂ ಒಟ್ಟಿಗೆ ಸೇರಿಸಲು ಬರುವುದಿಲ್ಲ. ಎಚ್‌ಟಿಟಿಪಿಎಸ್ ಕಡ್ಡಾಯ, ವಿನಾಯಿತಿ ಇರುವುದು ಲೋಕಲ್‌ಹೋಸ್ಟ್‌ಗೆ. ಆಫೀಸಿನ ವೈಫೈಯಲ್ಲಿ 192.168ರಿಂದ ಶುರುವಾಗುವ ಐಪಿ ಕೊಟ್ಟು ಫೋನಿನಿಂದ ಪರೀಕ್ಷಿಸುತ್ತೇನೆಂದರೆ ಗೂಗಲ್ ಒಪ್ಪುವುದಿಲ್ಲ. ಇಲ್ಲಿ ಮಾಡಿದ ಬದಲಾವಣೆ ಜಾರಿಗೆ ಬರಲು ಕೆಲವೊಮ್ಮೆ ಐದು ನಿಮಿಷ, ಕೆಲವೊಮ್ಮೆ ಕೆಲವು ಗಂಟೆ ಬೇಕು. ಬದಲಿಸಿದ ಮರುಕ್ಷಣ ಮತ್ತೆ ಬದಲಿಸುತ್ತ ಹೋದರೆ ಯಾವುದು ಕೆಲಸ ಮಾಡಿತೆಂದೇ ತಿಳಿಯದು.

ಆಗ ಸಿಗುವ ಎರಡರಲ್ಲಿ ಕ್ಲೈಂಟ್ ಐಡಿ ಗುಟ್ಟಲ್ಲ, ಕ್ಲೈಂಟ್ ಸೀಕ್ರೆಟ್ ಗುಟ್ಟು; ಮೊದಲು ಹೇಳಿದ ಗುಟ್ಟಿನ ಕೀಲಿ ಇದೇ. ಸೀಕ್ರೆಟನ್ನು ಮಾಡಿದ ಗಳಿಗೆಯಲ್ಲೇ ಸುರಕ್ಷಿತವಾಗಿ ಎತ್ತಿಟ್ಟುಕೊಳ್ಳಿ. ಅದು ಸರ್ವರ್‌ನ ಎನ್ವಿರಾನ್ಮೆಂಟ್ ವೇರಿಯೇಬಲ್‌ನಲ್ಲಿರಲಿ, ಗಿಟ್‌ನಲ್ಲಿ ಬೇಡ. ಒಮ್ಮೆ ಗಿಟ್‌ಗೆ ಹೋದದ್ದನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಉಳಿದಿರುತ್ತದೆ, ಹಾಗಾದರೆ ಸೀಕ್ರೆಟನ್ನೇ ಬದಲಿಸಬೇಕು. ಲೋಕಲ್ ಪರೀಕ್ಷೆಗೂ ನಿಜ ತಾಣಕ್ಕೂ ಬೇರೆ ಬೇರೆ ಕ್ಲೈಂಟ್ ಇರಲಿ.

ಡೇಟಾಬೇಸ್: ಒಂದಲ್ಲ, ಎರಡು ಕೋಷ್ಟಕ

ಬಳಕೆದಾರರ ಕೋಷ್ಟಕಕ್ಕೆ ‘ಗೂಗಲ್ ಐಡಿ’ ಎಂದೊಂದು ಕಾಲಂ ಸೇರಿಸಿ ಮುಗಿಸುವುದು ಸುಲಭ, ಆದರೆ ಆರು ತಿಂಗಳಲ್ಲಿ ಪಶ್ಚಾತ್ತಾಪ. ಒಂದು ಹೋಮ್‌ಸ್ಟೇಯ ಬುಕಿಂಗನ್ನು ಅಪ್ಪ ತೋಟದಿಂದ ನೋಡುತ್ತಾರೆ, ಮಗಳು ಮೈಸೂರಿನಿಂದ ನೋಡುತ್ತಾಳೆ. ಇಬ್ಬರ ಜಿಮೇಲ್ ಬೇರೆ. ಹಾಗಾಗಿ ಬಳಕೆದಾರರದ್ದೊಂದು ಕೋಷ್ಟಕ, ಗುರುತುಗಳದ್ದು ಇನ್ನೊಂದು ಇರಲಿ. ಎರಡನೆಯದರಲ್ಲಿ ಒದಗಿಸುವವರ ಹೆಸರು, ‘ಸಬ್’, ಬಳಕೆದಾರನ ಸಂಖ್ಯೆ, ಜೋಡಿಸಿದಾಗ ಇದ್ದ ಇಮೇಲ್, ದಿನಾಂಕ. ಒದಗಿಸುವವರ ಹೆಸರು ಮತ್ತು ಸಬ್ ಎರಡೂ ಸೇರಿ ಯೂನಿಕ್ ಆಗಿರಲಿ.

‘ಸಬ್’ ಎಂದರೆ ಐಡಿ ಟೋಕನ್‌ನಲ್ಲಿ ಬರುವ, ಆ ಗೂಗಲ್ ಖಾತೆಗೆ ಎಂದಿಗೂ ಬದಲಾಗದ ಗುರುತು. ಬಂದವನನ್ನು ಹುಡುಕಬೇಕಾದ್ದು ಇದರಿಂದ, ಇಮೇಲ್‌ನಿಂದಲ್ಲ. ಇಮೇಲ್ ಬದಲಾಗಬಹುದು. ಸಂಸ್ಥೆ ಬಿಟ್ಟುಹೋದ ನೌಕರನ ಇಮೇಲ್ ವಿಳಾಸವನ್ನು ಹೊಸಬನಿಗೆ ಕೊಟ್ಟರೆ, ಇಮೇಲ್ ನಂಬಿದ ತಾಣ ಹಳಬನ ಖಾತೆಯನ್ನು ಹೊಸಬನ ಕೈಗಿಡುತ್ತದೆ.

ಇದರ ಕಾಲಂ 255 ಅಕ್ಷರದ ಪಠ್ಯವಾಗಿರಲಿ. ಗೂಗಲ್‌ನ ಸಬ್ ನೋಡಲು ಅಂಕಿಗಳೇ ಆದ್ದರಿಂದ ಅನೇಕರು ಇಂಟಿಜರ್ ಮಾಡುತ್ತಾರೆ. ಸಾಮಾನ್ಯವಾಗಿ ಅದು 21 ಅಂಕಿ. 64 ಬಿಟ್‌ನ ಇಂಟಿಜರ್‌ಗೆ ಹಿಡಿಸುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಸಂಖ್ಯೆಯಾಗಿ ಓದಿದರಂತೂ ಕೊನೆಯ ಅಂಕಿಗಳು ಸದ್ದಿಲ್ಲದೆ ಸೊನ್ನೆಯಾಗಿ ಇಬ್ಬರು ಬಳಕೆದಾರರು ಒಬ್ಬರಾಗುವ ಅಪಾಯವಿದೆ. ಮಾನದಂಡದ ಪ್ರಕಾರ ಸಬ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಕೊಲೇಷನ್ (ಅಕ್ಷರ ಹೋಲಿಸುವ ನಿಯಮ) ಅವೆರಡನ್ನೂ ಒಂದೇ ಎನ್ನುತ್ತದೆ, ಈ ಕಾಲಂಗೆ ಬೈನರಿ ಕೊಲೇಷನ್ ಕೊಡಿ.

ಹೊರಡುವ ಹಾದಿ

ಬಟನ್ ಒತ್ತಿದಾಗ ಸರ್ವರ್ ಮೂರು ಯಾದೃಚ್ಛಿಕ ಮೌಲ್ಯ ತಯಾರಿಸಬೇಕು: ಸ್ಟೇಟ್, ನಾನ್ಸ್, ಕೋಡ್ ವೆರಿಫೈಯರ್. ಪ್ರತಿಯೊಂದಕ್ಕೂ 32 ಬೈಟ್ ಸಾಕು. ಅದನ್ನು ಬೇಸ್64-ಯುಆರ್‌ಎಲ್ ರೂಪಕ್ಕೆ ತಂದರೆ 43 ಅಕ್ಷರವಾಗುತ್ತದೆ, ವೆರಿಫೈಯರ್‌ಗೆ ಇರಬೇಕಾದ ಕನಿಷ್ಠ ಉದ್ದವೂ ಅಷ್ಟೇ (ಗರಿಷ್ಠ 128). ಇವನ್ನು ಭದ್ರತೆಗೆಂದೇ ಇರುವ ರ್‍ಯಾಂಡಮ್ ಲೈಬ್ರರಿಯಿಂದಲೇ ಮಾಡಬೇಕು. ಸಮಯ, ಬಳಕೆದಾರ ಸಂಖ್ಯೆ ಸೇರಿಸಿ ಹೊಲಿದದ್ದು ನಡೆಯದು.

ಮೂರರ ಕೆಲಸವೂ ಬೇರೆ. ವಾಪಸ್ ಬಂದ ಬ್ರೌಸರ್ ಹೊರಟದ್ದೇ ಹೌದೋ ಎಂದು ನೋಡಲು ಸ್ಟೇಟ್. ಬಂದ ಐಡಿ ಟೋಕನ್ ಈ ಸಲದ್ದೋ ಹಳೆಯದೋ ಎಂದು ನೋಡಲು ನಾನ್ಸ್. ದಾರಿಯಲ್ಲಿ ಕೋಡ್ ಕದ್ದವನಿಗೆ ಅದು ಉಪಯೋಗಕ್ಕೆ ಬಾರದಂತೆ ಮಾಡಲು ವೆರಿಫೈಯರ್. ಪಿಕೆಸಿಇ ಎನ್ನುವುದು ಇದಕ್ಕೇ, 2015ರ ಆರ್‌ಎಫ್‌ಸಿ 7636. ಗೂಗಲ್‌ಗೆ ವೆರಿಫೈಯರನ್ನೇ ಕಳಿಸುವುದಲ್ಲ, ಅದರ ಎಸ್‌ಎಚ್‌ಎ-256 ಹ್ಯಾಶನ್ನು ಬೇಸ್64-ಯುಆರ್‌ಎಲ್ ಮಾಡಿ ‘ಎಸ್256’ ವಿಧಾನವೆಂದು ಹೇಳಿ ಕಳಿಸಬೇಕು. ಪಿಕೆಸಿಇ ಮೊಬೈಲ್ ಆ್ಯಪ್‌ಗೆ ಮಾತ್ರ ಎಂಬ ಕಾಲ ಹೋಯಿತು. ಸೀಕ್ರೆಟ್ ಇರುವ ವೆಬ್ ಸರ್ವರ್‌ಗೂ ಅದನ್ನು ಬಳಸಿ ಎಂದು 2025ರ ಭದ್ರತಾ ಮಾರ್ಗಸೂಚಿ ಆರ್‌ಎಫ್‌ಸಿ 9700 ಹೇಳುತ್ತದೆ.

ಮೂರನ್ನೂ ಸೆಷನ್‌ನಲ್ಲಿ, ಅಂದರೆ ಆ ಬ್ರೌಸರಿಗೆಂದು ಸರ್ವರ್ ಇಟ್ಟುಕೊಳ್ಳುವ ತಾತ್ಕಾಲಿಕ ದಾಖಲೆಯಲ್ಲಿಡಿ. ಆದರೆ ಒಂದೇ ಜಾಗದಲ್ಲಿ ಮೇಲೆ ಮೇಲೆ ಬರೆಯಬೇಡಿ. ನೆಟ್ ನಿಧಾನವಿದ್ದಾಗ ಜನ ಬಟನನ್ನು ಎರಡು ಮೂರು ಸಲ ಒತ್ತುತ್ತಾರೆ, ಎರಡು ಟ್ಯಾಬ್ ತೆರೆಯುತ್ತಾರೆ. ಎರಡನೆಯದು ಮೊದಲನೆಯದನ್ನು ಅಳಿಸಿದರೆ ಮೊದಲ ಟ್ಯಾಬ್ ಸ್ಟೇಟ್ ದೋಷಕ್ಕೆ ಬೀಳುತ್ತದೆ. ಸ್ಟೇಟ್‌ನ ಮೌಲ್ಯವನ್ನೇ ಕೀಲಿಯಾಗಿಸಿ ಅದರಡಿ ಉಳಿದೆರಡನ್ನೂ, ಲಾಗಿನ್ ಆದ ಮೇಲೆ ಹೋಗಬೇಕಾದ ಪುಟವನ್ನೂ ಇಟ್ಟರೆ ತಲೆನೋವಿಲ್ಲ. ಆಯುಷ್ಯ 15 ನಿಮಿಷ. ಬೆಂಗಳೂರಿನ ಲೆಕ್ಕಕ್ಕೆ ಐದು ಸಾಕು. ಸೋಮವಾರಪೇಟೆಯ ಜುಲೈ ತಿಂಗಳಿಗೆ ಸಾಲದು.

ಗೂಗಲ್‌ಗೆ ಕಳಿಸುವ ವಿಳಾಸದಲ್ಲಿ ಕ್ಲೈಂಟ್ ಐಡಿ, ರೀಡೈರೆಕ್ಟ್ ವಿಳಾಸ, ‘ಕೋಡ್’ ಎಂಬ ರೆಸ್ಪಾನ್ಸ್ ಟೈಪ್, ಮೂರು ಸ್ಕೋಪ್‌ಗಳು, ಸ್ಟೇಟ್, ನಾನ್ಸ್, ಕೋಡ್ ಚಾಲೆಂಜ್ (ವೆರಿಫೈಯರ್‌ನ ಆ ಹ್ಯಾಶ್) ಇರಬೇಕು. ‘ಪ್ರಾಂಪ್ಟ್’ಗೆ ‘ಸೆಲೆಕ್ಟ್ ಅಕೌಂಟ್’ ಎಂಬ ಮೌಲ್ಯವನ್ನೂ ಸೇರಿಸಿ. ಹೋಮ್‌ಸ್ಟೇ ಕೌಂಟರಿನ ಒಂದೇ ಕಂಪ್ಯೂಟರನ್ನು ಮೂವರು ಬಳಸುವಲ್ಲಿ ಇದಿಲ್ಲದಿದ್ದರೆ ಬೆಳಿಗ್ಗೆಯವರ ಖಾತೆಯಲ್ಲೇ ಸಂಜೆಯವರೂ ಒಳಗೆ ಹೋಗಿಬಿಡಬಹುದು. ಆಫ್‌ಲೈನ್ ಆಕ್ಸೆಸ್ (ಬಳಕೆದಾರ ಇಲ್ಲದಾಗಲೂ ನಡೆಯುವ ಅನುಮತಿ) ಕೇಳಬೇಡಿ. ಲಾಗಿನ್‌ಗೆ ರಿಫ್ರೆಶ್ ಟೋಕನ್ ಬೇಕಿಲ್ಲ, ಬೇಡದ್ದನ್ನು ಇಟ್ಟುಕೊಂಡರೆ ಕಾಯುವ ಹೊಣೆ ನಿಮ್ಮದು.

ಸೆಷನ್ ಕುಕೀಗೆ ಎಚ್‌ಟಿಟಿಪಿ-ಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಲ್ಯಾಕ್ಸ್. ಹೆಚ್ಚು ಬಿಗಿಯಾದರೆ ಒಳ್ಳೆಯದೆಂದು ‘ಸ್ಟ್ರಿಕ್ಟ್’ ಇಟ್ಟರೆ, ಗೂಗಲ್‌ನಿಂದ ವಾಪಸ್ ಬರುವಾಗ ಬ್ರೌಸರ್ ಆ ಕುಕೀಯನ್ನು ಕಳಿಸುವುದಿಲ್ಲ. ಬೇರೆ ತಾಣದಿಂದ ಬಂದ ಹೆಜ್ಜೆ ಅದು. ಸೆಷನ್ ಖಾಲಿ, ಸ್ಟೇಟ್ ಇಲ್ಲ, ಲಾಗಿನ್ ವಿಫಲ.

ವಾಪಸ್ ಬಂದಾಗ: ಕಾಲ್‌ಬ್ಯಾಕ್

ಇಲ್ಲಿ ಅನುಕ್ರಮ ಮುಖ್ಯ. ಮೊದಲು ಸ್ಟೇಟ್ ಸೆಷನ್‌ನಲ್ಲಿ ಇದೆಯೇ ನೋಡಿ, ಸಿಕ್ಕ ಕೂಡಲೇ ಅಲ್ಲಿಂದ ಅಳಿಸಿ. ಎರಡನೇ ಸಲ ಅದು ನಡೆಯಬಾರದು. ಆಮೇಲೆ ‘ಎರರ್’ ಬಂದಿದೆಯೇ ನೋಡಿ. ಬಳಕೆದಾರ ‘ಬೇಡ’ ಒತ್ತಿದರೆ ‘ಆಕ್ಸೆಸ್ ಡಿನೈಡ್’ ಬರುತ್ತದೆ. ಇದು ಸರ್ವರ್ ದೋಷವಲ್ಲ, ಕೆಂಪು ಅಕ್ಷರದ 500 ಪುಟ ತೋರಿಸದೆ ಲಾಗಿನ್ ಪುಟಕ್ಕೆ ಮರಳಿಸಿ.

ನಂತರ ಕೋಡ್, ವೆರಿಫೈಯರ್, ಕ್ಲೈಂಟ್ ಐಡಿ, ಸೀಕ್ರೆಟ್, ಮೊದಲು ಕೊಟ್ಟದ್ದೇ ರೀಡೈರೆಕ್ಟ್ ವಿಳಾಸ, ಇಷ್ಟನ್ನೂ ಗೂಗಲ್‌ನ ಟೋಕನ್ ವಿಳಾಸಕ್ಕೆ ಪೋಸ್ಟ್ ಮಾಡಿ. ಗೂಗಲ್‌ನ ಇಂಥ ವಿಳಾಸಗಳನ್ನು ಪ್ರೋಗ್ರಾಮಿನಲ್ಲಿ ಬರೆದಿಡುವ ಬದಲು ಅವುಗಳ ಪಟ್ಟಿಯಿರುವ ಗೂಗಲ್‌ನ ಡಿಸ್ಕವರಿ ಕಡತದಿಂದ ಓದಿಸುವುದು ಒಳ್ಳೆಯದು. ಈ ಕರೆಗೆ 10 ಸೆಕೆಂಡಿನ ಕಾಲಮಿತಿ ಹಾಕಿ. ಮಿತಿಯಿಲ್ಲದ ಕರೆಯೊಂದು ನೆಟ್ ಸಿಕ್ಕಿಹಾಕಿಕೊಂಡಾಗ ಇಡೀ ಸರ್ವರನ್ನೇ ಹಿಡಿದು ನಿಲ್ಲಿಸುತ್ತದೆ.

ಐಡಿ ಟೋಕನ್ ಕೈಗೆ ಬಂತು. ಅದನ್ನು ಬಿಚ್ಚಿ ಇಮೇಲ್ ಓದುವ ಮೊದಲು ನೋಡಬೇಕಾದ್ದು: ಸಹಿ ಗೂಗಲ್‌ನ ಸಾರ್ವಜನಿಕ ಕೀಲಿಗೆ ಹೊಂದುತ್ತದೆಯೇ, ಕೊಟ್ಟವರು ಗೂಗಲ್ ಹೌದೇ, ‘ಆಡ್’ ಎಂಬಲ್ಲಿ ನಿಮ್ಮದೇ ಕ್ಲೈಂಟ್ ಐಡಿ ಇದೆಯೇ, ಅವಧಿ ಮುಗಿದಿಲ್ಲವೇ, ನಾನ್ಸ್ ನೀವು ಕಳಿಸಿದ್ದೇ ಹೌದೇ. ಗೂಗಲ್ ತನ್ನ ಹೆಸರನ್ನು ಎಚ್‌ಟಿಟಿಪಿಎಸ್ ಸಹಿತವಾಗಿಯೂ ಅದಿಲ್ಲದೆಯೂ ಬರೆಯಬಹುದು, ಎರಡನ್ನೂ ಒಪ್ಪಿ. ಸಾರ್ವಜನಿಕ ಕೀಲಿಗಳು ಆಗಾಗ ಬದಲಾಗುತ್ತವೆ. ಕೀಲಿಯನ್ನು ಕಡತದಲ್ಲಿ ಅಂಟಿಸಿಟ್ಟ ತಾಣ ಕೆಲ ದಿನ ಚೆನ್ನಾಗಿ ನಡೆದು, ಒಂದು ಮುಂಜಾನೆ ಎಲ್ಲರನ್ನೂ ಹೊರಗಿಡುತ್ತದೆ. ಉತ್ತರದ ಕ್ಯಾಶ್ ಹೆಡರ್ ಹೇಳಿದಷ್ಟು ಹೊತ್ತು ಮಾತ್ರ ಇಟ್ಟುಕೊಂಡು ಮತ್ತೆ ತರಿಸಿ.

ಇದನ್ನೆಲ್ಲ ಕೈಯಿಂದ ಬರೆಯಬೇಕಿಲ್ಲ, ಬರೆಯಲೂಬಾರದು. ಜ್ಯಾಂಗೊಗೆ ಆಲ್‌ಆಥ್, ಲಾರಾವೆಲ್‌ಗೆ ಸೋಷಿಯಲೈಟ್, ಜಾವಾಗೆ ಸ್ಪ್ರಿಂಗ್ ಸೆಕ್ಯೂರಿಟಿ, ನೋಡ್‌ಗೆ ಓಪನ್‌ಐಡಿ-ಕ್ಲೈಂಟ್ ಇವೆ. ಆದರೆ ಲೈಬ್ರರಿ ಹಾಕಿದ ಮಾತ್ರಕ್ಕೆ ಎಲ್ಲ ಆಯಿತೆಂದುಕೊಳ್ಳಬೇಡಿ. ನೋಡ್‌ನ ಇನ್ನೊಂದು ಲೈಬ್ರರಿ ‘ಪಾಸ್‌ಪೋರ್ಟ್’ನ ಓಆಥ್ ಭಾಗದಲ್ಲಿ ಸ್ಟೇಟ್ ಪರೀಕ್ಷೆಯನ್ನು ನೀವೇ ಆನ್ ಮಾಡಬೇಕು. ಸೋಷಿಯಲೈಟ್‌ನಲ್ಲಿ ಸ್ಟೇಟ್ ದೋಷ ಬಂದರೆ ‘ಸ್ಟೇಟ್‌ಲೆಸ್ ಹಾಕಿ, ಸರಿಹೋಗುತ್ತದೆ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಸ್ಟೇಟ್ ಪರೀಕ್ಷೆಯನ್ನೇ ನಿಲ್ಲಿಸುತ್ತದೆ. ಸರಿಹೋಗುವುದು ನಿಜ, ನಾಯಿ ಬೊಗಳುವುದನ್ನು ನಿಲ್ಲಿಸಲು ನಾಯಿಯನ್ನೇ ಅಟ್ಟಿದ ಹಾಗೆ.

ಪರೀಕ್ಷೆ ಮುಗಿದ ಮೇಲೆ ಸಬ್‌ನಿಂದ ಬಳಕೆದಾರನನ್ನು ಹುಡುಕಿ, ಸೆಷನ್ ಐಡಿಯನ್ನು ಹೊಸದಾಗಿ ಮಾಡಿ, ಅವನು ಹೊರಟ ಪುಟಕ್ಕೆ ಕಳಿಸಿ. ಆ ಪುಟದ ವಿಳಾಸ ನಿಮ್ಮ ತಾಣದೊಳಗಿನದ್ದೇ ಎಂದು ಖಚಿತಪಡಿಸಿಕೊಳ್ಳಿ. ಒಂದು ಓರೆಗೆರೆಯಿಂದ ಶುರುವಾದರೆ ಒಳಗಿನದ್ದು ಎಂದು ನಂಬಿದವರನ್ನು ಎರಡು ಓರೆಗೆರೆಯ ವಿಳಾಸ ಬೇರೆ ತಾಣಕ್ಕೆ ಒಯ್ಯುತ್ತದೆ.

ಹಳೆಯ ಖಾತೆ ಇದ್ದವನು ಗೂಗಲ್‌ನಿಂದ ಬಂದರೆ

ಈ ಪ್ರಶ್ನೆಗೆ ಅವಸರದ ಉತ್ತರ ಕೊಡಬಾರದು. ಸಬ್ ಹೊಸದು, ಆದರೆ ಅದೇ ಇಮೇಲ್‌ನಲ್ಲಿ ಪಾಸ್‌ವರ್ಡ್ ಖಾತೆ ಆಗಲೇ ಇದೆ. ಎರಡೂ ಒಂದೇ ಎಂದು ಸುಮ್ಮನೆ ಜೋಡಿಸಬಹುದೇ?

ಕೇಡಿಗನೊಬ್ಬ ಹೋಮ್‌ಸ್ಟೇ ಮಾಲೀಕರ ಜಿಮೇಲ್ ವಿಳಾಸ ಹಾಕಿ, ತನ್ನದೇ ಪಾಸ್‌ವರ್ಡ್ ಕೊಟ್ಟು ನಿಮ್ಮಲ್ಲಿ ಮೊದಲೇ ಖಾತೆ ತೆರೆದಿದ್ದಾನೆಂದುಕೊಳ್ಳಿ. ನಿಮ್ಮ ತಾಣ ಇಮೇಲ್ ದೃಢೀಕರಣ ಕೇಳಲಿಲ್ಲ. ಮುಂದಿನ ತಿಂಗಳು ನಿಜವಾದ ಮಾಲೀಕರು ಗೂಗಲ್‌ನಿಂದ ಬರುತ್ತಾರೆ, ತಾಣ ಎರಡನ್ನೂ ಜೋಡಿಸುತ್ತದೆ, ಅವರು ಬುಕಿಂಗ್, ಬ್ಯಾಂಕ್ ವಿವರ ತುಂಬಿಸುತ್ತಾರೆ. ಕೇಡಿಗನ ಪಾಸ್‌ವರ್ಡ್ ಇನ್ನೂ ನಡೆಯುತ್ತಿದೆ! ಆದ್ದರಿಂದ ಹಳೆಯ ಖಾತೆಯ ಇಮೇಲ್ ದೃಢೀಕರಣ ಆಗಿರದಿದ್ದರೆ ಜೋಡಿಸುವಾಗ ಹಳೆಯ ಪಾಸ್‌ವರ್ಡನ್ನೂ ಹಳೆಯ ಸೆಷನ್‌ಗಳನ್ನೂ ರದ್ದು ಮಾಡಬೇಕು. ದೃಢೀಕರಣ ಆಗಿದ್ದರೂ ‘ಈ ಇಮೇಲ್‌ಗೆ ಖಾತೆ ಇದೆ, ಒಮ್ಮೆ ಪಾಸ್‌ವರ್ಡ್ ಹಾಕಿ ಜೋಡಿಸಿ’ ಎಂದು ಕೇಳುವುದೇ ಉತ್ತಮ. ಒಂದು ಹೆಜ್ಜೆ ಹೆಚ್ಚಾಗುತ್ತದೆ, ಅದೂ ಒಂದೇ ಸಲ.

ಗೂಗಲ್ ಕಡೆಯ ಇಮೇಲನ್ನೂ ತೂಗಿ ನೋಡಿ. ಜಿಮೇಲ್ ವಿಳಾಸವಾಗಿದ್ದರೆ, ಅಥವಾ ‘ಇಮೇಲ್ ವೆರಿಫೈಡ್’ ಸತ್ಯವಾಗಿದ್ದು ಜೊತೆಗೆ ‘ಎಚ್‌ಡಿ’ ಎಂಬ ಸಂಸ್ಥೆಯ ಡೊಮೈನ್ ಬಂದಿದ್ದರೆ ಗೂಗಲ್‌ನ ಮಾತು ಅಂತಿಮ. ಬೇರೆ ಕಂಪನಿಯ ಇಮೇಲ್ ಕೊಟ್ಟು ತೆರೆದ ಗೂಗಲ್ ಖಾತೆಯಾದರೆ, ಆ ಇಮೇಲ್ ಒಂದು ಕಾಲಕ್ಕೆ ಅವನದಾಗಿತ್ತು ಎಂಬಷ್ಟೇ ಅರ್ಥ. ಆ ವಿಳಾಸಕ್ಕೆ ನೀವೇ ಒಂದು ಲಿಂಕ್ ಕಳಿಸಿ ಖಚಿತಪಡಿಸಿಕೊಳ್ಳಿ.

ಸೆಟ್ಟಿಂಗ್ಸ್ ಪುಟದಲ್ಲಿ ಎರಡನೇ ಗೂಗಲ್ ಖಾತೆ ಸೇರಿಸುವ, ತೆಗೆಯುವ ಸೌಲಭ್ಯ ಕೊಡಿ. ಉಳಿದ ಒಂದೇ ಒಂದು ಗುರುತನ್ನು ತೆಗೆಯಲು ಬಿಡಬೇಡಿ, ಮನೆಯೊಳಗೆ ಬೀಗದ ಕೈ ಬಿಟ್ಟು ಬಾಗಿಲೆಳೆದುಕೊಂಡಂತಾಗುತ್ತದೆ.

ಹೆಸರಿನ ಬಗ್ಗೆ ಕೊಡಗಿಗೇ ವಿಶೇಷವಾದ ಒಂದು ತೊಡಕು ಇದೆ. ಗೂಗಲ್ ‘ಗಿವನ್ ನೇಮ್’, ‘ಫ್ಯಾಮಿಲಿ ನೇಮ್’ ಎಂದು ಎರಡು ತುಂಡು ಕೊಡುತ್ತದೆ. ಕೊಡವರಲ್ಲಿ ಒಕ್ಕದ (ಮನೆತನದ) ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಖಾತೆ ತೆರೆಯುವಾಗ ಕೆಲವರು ಬರೆಯುವ ಕ್ರಮದಲ್ಲೇ ತುಂಬಿಸುತ್ತಾರೆ, ಕೆಲವರು ಬರೀ ಇನಿಶಿಯಲ್ ಹಾಕುತ್ತಾರೆ. ‘ಗಿವನ್ ನೇಮ್’ ನಂಬಿ ‘ನಮಸ್ಕಾರ’ ಎಂದರೆ ಮನುಷ್ಯನಿಗಲ್ಲ, ಇಡೀ ಒಕ್ಕಕ್ಕೆ ನಮಸ್ಕಾರ ಹೇಳಿದಂತಾಗುತ್ತದೆ. ಪೂರ್ತಿ ಹೆಸರನ್ನು ಸಲಹೆಯಾಗಿ ತೋರಿಸಿ, ಬಿಲ್ಲಿನಲ್ಲಿ ಹೇಗಿರಬೇಕೆಂದು ಅವರೇ ತಿದ್ದಿಕೊಳ್ಳಲಿ.

ಎಲ್ಲಿ ಕೈಕೊಡುತ್ತದೆ

ಲೋಕಲ್‌ನಲ್ಲಿ ಸರಿಯಿದ್ದು ನಿಜ ಸರ್ವರ್‌ನಲ್ಲಿ ರೀಡೈರೆಕ್ಟ್ ದೋಷ ಬಂದರೆ ಆ್ಯಪ್‌ನ ಮುಂದೆ ಪ್ರಾಕ್ಸಿಯಾಗಿ ನಿಂತಿರುವ ಎಂಜಿನ್‌ಎಕ್ಸ್ ಕಡೆ ನೋಡಿ. ಹೊರಗೆ ಎಚ್‌ಟಿಟಿಪಿಎಸ್, ಒಳಗೆ ಆ್ಯಪ್‌ಗೆ ತಲುಪುವುದು ಬರೀ ಎಚ್‌ಟಿಟಿಪಿ. ಆ್ಯಪ್ ಅದನ್ನೇ ನಂಬಿ ತಪ್ಪು ವಿಳಾಸ ಕಟ್ಟುತ್ತದೆ. ‘ಎಕ್ಸ್-ಫಾರ್ವರ್ಡೆಡ್-ಪ್ರೋಟೋ’ ಹೆಡರ್ ಕಳಿಸಿ, ಆ್ಯಪ್‌ನಲ್ಲಿ ನಿಮ್ಮ ಪ್ರಾಕ್ಸಿಯಿಂದ ಬಂದದ್ದನ್ನು ಮಾತ್ರ ನಂಬುವಂತೆ ಮಾಡಿ. ಇನ್ನೂ ಸುಲಭದ ದಾರಿ, ಪೂರ್ತಿ ವಿಳಾಸವನ್ನು ಸೆಟ್ಟಿಂಗ್‌ನಲ್ಲಿ ಬರೆದಿಡುವುದು.

ಕೆಲವರಿಗೆ ಮಾತ್ರ ಸ್ಟೇಟ್ ದೋಷವೇ? ಅವರು ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇಲ್ಲದೆ ಹೊರಟು ಅದಿರುವ ವಿಳಾಸಕ್ಕೆ ವಾಪಸಾಗಿರುತ್ತಾರೆ. ಕುಕೀ ಆ ಬದಿಯಲ್ಲೇ ಉಳಿದಿದೆ. ಎಲ್ಲರನ್ನೂ ಮೊದಲೇ ಒಂದು ರೂಪಕ್ಕೆ ತನ್ನಿ. ಅಥವಾ ಸೆಷನ್‌ಗಳು ಮೆಮೊರಿಯಲ್ಲಿದ್ದು, ಕರೆಂಟ್ ಹೋಗಿ ಸರ್ವರ್ ಮತ್ತೆ ಎದ್ದಿರಬಹುದು. ರೆಡಿಸ್‌ನಲ್ಲೋ ಡೇಟಾಬೇಸ್‌ನಲ್ಲೋ ಇಡಿ.

‘ಇನ್‌ವ್ಯಾಲಿಡ್ ಗ್ರಾಂಟ್’ ಎಂದರೆ ಬಹುಪಾಲು ಕೋಡ್ ಎರಡನೇ ಸಲ ಬಳಕೆಯಾಗಿದೆ. ಪುಟ ಬರಲಿಲ್ಲವೆಂದು ಬಳಕೆದಾರ ಕಾಲ್‌ಬ್ಯಾಕ್ ಪುಟವನ್ನೇ ರಿಫ್ರೆಶ್ ಮಾಡಿರುತ್ತಾನೆ; ಮೊದಲ ಸಲವೇ ಲಾಗಿನ್ ಆಗಿದೆ, ಉತ್ತರ ಮಾತ್ರ ತಲುಪಿಲ್ಲ. ಸ್ಟೇಟ್ ಸಿಗದಿದ್ದರೂ ಸೆಷನ್ ಆಗಲೇ ಲಾಗಿನ್ ಆಗಿದ್ದರೆ ದೋಷ ತೋರಿಸದೆ ಮುಖಪುಟಕ್ಕೆ ಕಳಿಸಿ. ಇಷ್ಟು ಚಿಕ್ಕ ಸಾಲು ಮಳೆಗಾಲದ ಅರ್ಧ ದೂರುಗಳನ್ನು ಇಲ್ಲವಾಗಿಸುತ್ತದೆ.

ಟೋಕನ್ ‘ಇನ್ನೂ ಜಾರಿಗೆ ಬಂದಿಲ್ಲ’ ಎಂಬ ವಿಚಿತ್ರ ದೋಷ ಬಂದರೆ ಸರ್ವರ್‌ನ ಗಡಿಯಾರ ಹಿಂದಿದೆ. ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲದ ಚಿಕ್ಕ ಕಂಪ್ಯೂಟರನ್ನು ಆಫೀಸಿನಲ್ಲೇ ಸರ್ವರ್ ಮಾಡಿದ್ದರೆ ಪ್ರತಿ ಪವರ್ ಕಟ್ ನಂತರವೂ ಹೀಗಾಗಬಹುದು. ಕ್ರೋನಿ ಹಾಕಿ ಸಮಯ ಹೊಂದಿಸಿ, ಪರೀಕ್ಷೆಯಲ್ಲಿ ಒಂದೆರಡು ನಿಮಿಷದ ರಿಯಾಯಿತಿ ಕೊಡಿ, ಹೆಚ್ಚು ಬೇಡ.

ಇನ್ನೊಂದು ಪ್ರವಾಸಿ ಊರಿನ ಕಾಯಿಲೆ. ಅತಿಥಿಗಳು ಹೋಮ್‌ಸ್ಟೇಯ ಲಿಂಕನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಒತ್ತುತ್ತಾರೆ, ಪುಟ ಆ ಆ್ಯಪ್‌ನೊಳಗಿನ ಬ್ರೌಸರ್‌ನಲ್ಲೇ ತೆರೆಯುತ್ತದೆ, ಗೂಗಲ್ ಅಂಥ ವೆಬ್‌ವ್ಯೂಗಳಲ್ಲಿ ಲಾಗಿನ್ ತಡೆದು ‘ಡಿಸ್‌ಅಲೌಡ್ ಯೂಸರ್‌ಏಜೆಂಟ್’ ಎಂಬ 403 ತೋರಿಸುತ್ತದೆ. ಇದು ನಿಮ್ಮ ಸರ್ವರ್‌ನ ಲಾಗ್‌ಗೆ ಬರುವುದೇ ಇಲ್ಲ, ಹಾಗಾಗಿ ಎಷ್ಟು ಬುಕಿಂಗ್ ಹೋಯಿತೆಂದೂ ತಿಳಿಯದು. ಯೂಸರ್ ಏಜೆಂಟ್ (ಬ್ರೌಸರ್ ತನ್ನ ಗುರುತಾಗಿ ಕಳಿಸುವ ಸಾಲು) ನೋಡಿ, ಅಂಥವರಿಗೆ ‘ಮೇಲಿನ ಮೂರು ಚುಕ್ಕಿ ಒತ್ತಿ ಕ್ರೋಮ್‌ನಲ್ಲಿ ತೆರೆಯಿರಿ’ ಎಂಬ ಸೂಚನೆ, ಜೊತೆಗೆ ಇಮೇಲ್ ಲಿಂಕ್‌ನಿಂದ ಒಳಬರುವ ದಾರಿ ತೋರಿಸಿ.

ಬೇರೆಯವರನ್ನೂ ಸೇರಿಸುವುದಾದರೆ

ಫೇಸ್‌ಬುಕ್ ಖಾತೆಯನ್ನು ಫೋನ್ ನಂಬರಿನಿಂದ ತೆರೆದವರಿಗೆ ಇಮೇಲ್ ಬರದೇ ಇರಬಹುದು, ಇಮೇಲ್ ಕಾಲಂ ಖಾಲಿಯಿದ್ದರೂ ತಾಣ ನಡೆಯಬೇಕು. ಡೇಟಾ ಅಳಿಸುವ ವಿಧಾನ ತಿಳಿಸುವ ವಿಳಾಸವನ್ನೂ ಅವರು ಕೇಳುತ್ತಾರೆ. ಆಪಲ್‌ಗೆ ವರ್ಷಕ್ಕೆ 99 ಡಾಲರ್‌ನ ಡೆವಲಪರ್ ಸದಸ್ಯತ್ವ ಬೇಕು. ಹೆಸರನ್ನು ಮೊದಲ ಸಲ ಮಾತ್ರ ಕೊಡುತ್ತದೆ, ಅಲ್ಲೇ ಉಳಿಸಿಕೊಳ್ಳದಿದ್ದರೆ ಹೋಯಿತು. ಸೀಕ್ರೆಟ್ ಬದಲು ನೀವೇ ಸಹಿ ಹಾಕಿದ ಟೋಕನ್ ಕೊಡಬೇಕು, ಅದರ ಗರಿಷ್ಠ ಆಯುಷ್ಯ ಆರು ತಿಂಗಳು. ಹೆಸರು, ಇಮೇಲ್ ಕೇಳಿದರೆ ಆಪಲ್ ಕಾಲ್‌ಬ್ಯಾಕನ್ನು ಪೋಸ್ಟ್ ಆಗಿ ಕಳಿಸುತ್ತದೆ. ಆಗ ಲ್ಯಾಕ್ಸ್ ಕುಕೀ ಬರುವುದಿಲ್ಲ. ಸ್ಟೇಟ್‌ಗೆಂದೇ ‘ಸೇಮ್‌ಸೈಟ್ ನನ್’ ಇರುವ, ಅಲ್ಪಾಯುಷ್ಯದ ಬೇರೆ ಕುಕೀ ಬೇಕು. ಹೋಮ್‌ಸ್ಟೇ ತಾಣಕ್ಕೆ ಗೂಗಲ್ ಮತ್ತು ಇಮೇಲ್ ಲಿಂಕ್ ಸಾಕು. ನಾಲ್ಕು ಬಟನ್ ಇಟ್ಟರೆ, ಕಳೆದ ಸಲ ಯಾವುದು ಒತ್ತಿದ್ದೆ ಎಂದು ಮರೆತು ಒಬ್ಬರೇ ನಾಲ್ಕು ಖಾತೆ ಮಾಡಿಕೊಳ್ಳುತ್ತಾರೆ.

ಲಾಗ್‌ಔಟ್ ಒತ್ತಿದಾಗ ಕೊನೆಯಾಗುವುದು ನಿಮ್ಮ ಸೆಷನ್ ಮಾತ್ರ, ಗೂಗಲ್‌ನದ್ದಲ್ಲ. ಸೈಬರ್ ಸೆಂಟರ್‌ನಲ್ಲಿ ಕೂತವರಿಗೆ ಅದನ್ನು ಒಂದು ಸಾಲಿನಲ್ಲಿ ಹೇಳಿ. ಖಾತೆ ಅಳಿಸುವ ಬಟನ್ ಗುರುತುಗಳ ಕೋಷ್ಟಕವನ್ನೂ ಖಾಲಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಅಳಿಸುವಂತೆ ಕೇಳುವ ಹಕ್ಕು ಬಳಕೆದಾರನಿಗಿದೆ.

ತೆರೆಯುವ ಮುನ್ನ ಒಂದು ಅಗ್ಗದ ಆಂಡ್ರಾಯ್ಡ್ ಫೋನ್ ಹಿಡಿದು ಸಿಗ್ನಲ್ ಒಂದೇ ಗೆರೆ ಇರುವ ಜಾಗಕ್ಕೆ ಹೋಗಿ. ಬಟನ್ ಎರಡು ಸಲ ಒತ್ತಿ, ಗೂಗಲ್ ಪುಟದಲ್ಲಿ ‘ಬೇಡ’ ಎನ್ನಿ, ಕಾಲ್‌ಬ್ಯಾಕ್ ಪುಟ ರಿಫ್ರೆಶ್ ಮಾಡಿ, ಇಪ್ಪತ್ತು ನಿಮಿಷ ಬಿಟ್ಟು ಹಿಂದಿನ ಟ್ಯಾಬ್‌ಗೆ ಮರಳಿ ಮುಂದುವರಿಸಿ, ಇನ್‌ಸ್ಟಾಗ್ರಾಮ್‌ನಿಂದ ಲಿಂಕ್ ತೆರೆಯಿರಿ. ಇವುಗಳಲ್ಲಿ ಯಾವುದಕ್ಕೂ ಖಾಲಿ ಬಿಳಿ ಪುಟ ಬರಬಾರದು, ಮುಂದೇನು ಮಾಡಬೇಕೆಂಬ ಒಂದು ಕನ್ನಡ ವಾಕ್ಯವಾದರೂ ಕಾಣಬೇಕು.